ಹೊಕ್ಕುಳಿಂದ ಬಲಕ್ಕೆ ನಾಲ್ಕು ಬೆರಳು

ಒತ್ತಿದಾಗ ಬೋರಮ್ಮ ಬರೀ ಹಲ್ಲು ಕಚ್ಚಿಕೊಂಡಿದ್ದಳು. ಒತ್ತಿದ ಬೆರಳುಗಳನ್ನು ಭಾನುಪ್ರಿಯ ಥಟ್ಟನೆ ಎತ್ತಿದಾಗ ಮಾತ್ರ ‘ಅಯ್ಯಯ್ಯಪ್ಪೋ, ನಿನ್ ಕೈ ಸೇದೋಗ!’ ಎಂದು ಕಿರುಚಿಕೊಂಡಳು. ಅಷ್ಟು ಸಾಕಾಗಿತ್ತು. ಚನ್ನಪಟ್ಟಣದ ನರ್ಸಿಂಗ್ ಹೋಮಿನಲ್ಲಿ, ಆಪರೇಷನ್ ಆದವರ ವಾರ್ಡಿನಲ್ಲಿ ನರ್ಸಾಗಿ ಹದಿಮೂರು ವರ್ಷ ಸವೆದವಳಿಗೆ ಇನ್ನೇನು ಬೇಕು? ಆದರೂ ಕೈ ತನ್ನಷ್ಟಕ್ಕೆ ತಾನು ಮುಂದುವರಿಯಿತು. ಎಡಗಡೆ ಒತ್ತಿದಳು, ಅತ್ತೆ ಬಲಗಡೆಗೆ ಕೈಯೊಯ್ದು ‘ಇಲ್ ಹಿಡೀತು ಕಣೇ, ಇಲ್ಲಿ’ ಅಂದಳು. ‘ಒಸಿ ಕೆಮ್ಮಿ ಅತ್ತೆ’ ಅಂದಳು. ಕೆಮ್ಮಲು ಹೋದ ಬೋರಮ್ಮ ಅರ್ಧಕ್ಕೇ ನಿಲ್ಲಿಸಿ ಮಂಚದ ಪಟ್ಟಿ ಹಿಡಿದುಕೊಂಡಳು. ಬಲಗಾಲನ್ನು ಮಡಚಿಕೊಂಡೇ ಮಲಗಿದ್ದಾಳೆ, ನೀಡಿದರೆ ಒಳಗೆ ಎಳೆಯುತ್ತದಂತೆ. ನಾಲಿಗೆಯ ಮೇಲೆ ಬಿಳೀ ಪದರ, ಮೈ ಸ್ವಲ್ಪ ಬಿಸಿ. ನಿನ್ನೆ ಬೆಳಿಗ್ಗೆ ಹೊಕ್ಕುಳ ಸುತ್ತ ಎಲ್ಲೋ ಹಿಂಡಿದ ಹಾಗೆ ಶುರುವಾದದ್ದು, ರಾತ್ರಿ ಮುದ್ದೆ ಮುಂದಿಟ್ಟರೆ ತಟ್ಟೆ ಸರಿಸಿದ್ದು, ಬೆಳಗಿನ ಜಾವ ಒಂದು ಸಲ ವಾಂತಿ. ಈಗ, ಹತ್ತು ಗಂಟೆಯ ಹೊತ್ತಿಗೆ, ನೋವು ಹೊಕ್ಕುಳನ್ನು ಬಿಟ್ಟು ಬಲಕ್ಕೆ ನಾಲ್ಕು ಬೆರಳು ಸರಿದು ಕೆಳಗಿಳಿದು ಒಂದೇ ಜಾಗ ಹಿಡಿದು ಕೂತಿದೆ. ಹೊಸದಾಗಿ ಸೇರುವ ಡ್ಯೂಟಿ ಡಾಕ್ಟರುಗಳಿಗೆ ಅಲ್ಲಿಯ ಸರ್ಜನ್ ಡಾಕ್ಟರ್ ಶೋಯೆಬ್ ಬೆರಳು ಮಡಚಿ ಮಡಚಿ ಹೇಳಿಕೊಡುತ್ತಿದ್ದುದು ಇದನ್ನೇ. ಆ ಹುಡುಗರು ಮರೆತಿದ್ದಾರು, ಪಕ್ಕದಲ್ಲಿ ಟ್ರೇ ಹಿಡಿದು ನಿಂತವಳು ಮರೆತಿರಲಿಲ್ಲ. ಅಪೆಂಡಿಕ್ಸು. ಇನ್ನೂ ಒಡೆದಿಲ್ಲ. ಇವತ್ತೇ ತೆಗೆಸಿದರೆ ನಾಲ್ಕು ದಿನಕ್ಕೆ ಎದ್ದು ಓಡಾಡುತ್ತಾಳೆ, ಬಿಟ್ಟರೆ ಒಡೆಯುತ್ತದೆ, ಒಡೆದರೆ ಅರವತ್ತೈದರ ಈ ಜೀವ ಉಳಿಯುವುದು ದೇವರ ಕೈಯಲ್ಲಿ. ಇಷ್ಟೂ ಭಾನುಪ್ರಿಯಳಿಗೆ, ಮಂಚದ ಪಕ್ಕ ಮಂಡಿಯೂರಿ ಕೂತಿದ್ದಾಗಲೇ, ಎರಡು ನಿಮಿಷದಲ್ಲಿ ಗೊತ್ತಾಗಿಹೋಯಿತು.

‘ಏನಂತೆ ನಿನ್ ಓದು?’ ಎಂದು ಬೋರಮ್ಮ ಕೇಳಿದಳು. ನೋವಿನಲ್ಲೂ ಆ ಮಾತಿನ ಮೊನೆ ಮೊಂಡಾಗಿರಲಿಲ್ಲ. ಭಾನುಪ್ರಿಯ ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿಯೇ, ‘ಏನಾರ ಇರ್ಲಿ ಅತ್ಲಾಗೆ, ಹುಳ ಕಾಯಕಿಲ್ಲ. ನನ್ನ ಕೈಲಿ ಏಳಕಾಯ್ತಿಲ್ಲ. ಇವತ್ತೊಂದಿನ ನೀನೇ ಹುಳದ ಮನೇಗೋಗವ್ವ. ತಲೆಮ್ಯಾಲಿಂದ ನೀರು ಉಯ್ಕಂಡು ಹೋಗು’ ಅಂದುಬಿಟ್ಟಳು. ತೆರೆದ ಬಾಯಿ ತೆರೆದೇ ಇತ್ತು. ಅದರೊಳಗಿಂದ ಬಂದ ಮಾತು ಮಾತ್ರ ಬೇರೆಯದಾಗಿತ್ತು. ‘ಏನಿಲ್ಲ ಅತ್ತೆ. ಮಲಗಿರಿ ಸುಮ್ನೆ. ಸಾಯಂಕಾಲ ನೋಡಣ.’ ಯಾರು ಹೇಳಿದ್ದು ಇದನ್ನು ಎಂದು ಅವಳೇ ಒಂದು ಗಳಿಗೆ ಹಿಂತಿರುಗಿ ನೋಡಿದಳು.

ಹೊರಗಿನವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಹೊಂಗನೂರಿನ ಈ ಮನೆಗೆ ಸೋಲೂರು ಕಡೆಯಿಂದ ಸೊಸೆಯಾಗಿ ಬಂದು ಒಂಬತ್ತು ವರ್ಷ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳು ಹುಳದ ಮನೆಯ ಹೊಸಿಲು ದಾಟಿರಲಿಲ್ಲ. ರೇಷ್ಮೆ ಹುಳಕ್ಕೆ ವಾಸನೆ ಆಗಿಬರುವುದಿಲ್ಲ, ನಿಜ. ಅದು ಎಲ್ಲರ ಮನೆಯಲ್ಲೂ ಇರುವ ಕಟ್ಟುಪಾಡೇ. ಆದರೆ ಗಂಡ ಸ್ವಾಮಿ ಟ್ರ್ಯಾಕ್ಟರಿಗೆ ಡೀಸೆಲ್ ಸುರಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋಗಬಹುದು, ಮಾವ ಚೆಲುವಯ್ಯ ಕಡ್ಡಿಪುಡಿ ಉಗಿದು ಬಾಯಿ ಮುಕ್ಕಳಿಸದೆ ಹೋಗಬಹುದು. ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡಿ, ಬೇರೆ ತಂತಿಯ ಮೇಲೆ ಒಣಗಿದ ಬೇರೆ ಸೀರೆ ಉಟ್ಟ ಸೊಸೆ ಮಾತ್ರ ಬಾಗಿಲಿಂದ ಹತ್ತು ಮಾರು ದೂರ. ‘ಕಂಡೋರ ಹೇಲು ಉಚ್ಚೆ ಬಳ್ದ ಕೈ, ಹೆಣ ತೊಳ್ದ ಕೈ. ಡೆಟ್ಟಾಲು ಉಯ್ಕಂಡ್ರೆ ಹೋಗ್ಬುಡ್ತದಾ?’ ಎಂದು ಬೋರಮ್ಮ ನೆಂಟರ ಮುಂದೆಲ್ಲ ನಗುತ್ತಾ ಹೇಳುತ್ತಿದ್ದಳು. ಅವಳನ್ನು ಹೆಸರು ಹಿಡಿದು ಕರೆದದ್ದೂ ಕಡಿಮೆ. ನರ್ಸಮ್ಮ. ನರ್ಸಮ್ಮ ಬಂದ್ಲು, ನರ್ಸಮ್ಮ ಉಂಡ್ಲು. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಊರಿನ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರೆ, ಅವಳು ಅವರಿಗೆಲ್ಲ ಕಾಫಿ ಕಾಸಿ ಲೋಟಗಳನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿಯಬೇಕು. ಒಂದು ಸಲ ಲೋಟ ಇಡುವಾಗ ಸೆರಗು ಬಾಗಿಲ ಚೌಕಟ್ಟಿಗೆ ತಾಗಿತೆಂದು ಬೋರಮ್ಮ ಅಲ್ಲಿಗೆ ಸುಣ್ಣದ ಪುಡಿ ಎರಚಿದ್ದಳು. ಎಲ್ಲರೆದುರಿಗೆ. ಭಾನುಪ್ರಿಯ ಆವತ್ತು ಅಡಿಗೆಮನೆಗೆ ಹೋಗಿ, ಹಾಲು ಉಕ್ಕಿಹೋಗುವವರೆಗೂ ಒಲೆಯ ಮುಂದೆ ನಿಂತಿದ್ದಳು.

ತಲೆಗೆ ನೀರು ಹುಯ್ದುಕೊಂಡು, ಒದ್ದೆ ಕೂದಲು ಗಂಟು ಹಾಕಿ ಒಳಗೆ ಕಾಲಿಟ್ಟಾಗ ಮೊದಲು ತಾಗಿದ್ದು ತಂಪು. ಆಮೇಲೆ ಮೌನ. ಸೊಪ್ಪು ತಿನ್ನುವಾಗ ಜಗಲಿಯವರೆಗೂ ಕೇಳಿಸುತ್ತಿದ್ದ ಸದ್ದು ಇವತ್ತು ನಿಂತಿತ್ತು. ಹಣ್ಣಾದ ಹುಳ ತಿನ್ನುವುದಿಲ್ಲ, ತಲೆಯೆತ್ತಿ ಗೂಡು ಕಟ್ಟುವ ಜಾಗ ಹುಡುಕುತ್ತದೆ. ಈಗ ಎತ್ತಿ ಚಂದ್ರಿಕೆಗೆ, ಗೂಡು ಕಟ್ಟಿಸುವ ಬಿದಿರ ತಟ್ಟಿಗೆ, ಬಿಡಬೇಕು, ತಡವಾದರೆ ಸೊಪ್ಪಿನ ಮೇಲೇ ನೂಲು ಸುತ್ತಿ ಹಾಳಾಗುತ್ತದೆ. ಚೆಲುವಯ್ಯ ಒಂದು ಹುಳ ಎತ್ತಿ ಬೆಳಕಿಗೆ ಹಿಡಿದು ತೋರಿಸಿದ. ‘ನೋಡವ್ವ, ಮೈ ಹಿಂಗೆ ತಿಳಿಯಾಗಿದ್ರೆ ಹಣ್ಣು. ಹಸುರಿದ್ರೆ ಇನ್ನೂ ಕಾಯಿ, ಅದ ಬುಡು.’ ಮುಟ್ಟಿದಳು. ಮೆತ್ತಗೆ, ತಣ್ಣಗೆ, ಬೆರಳ ತುದಿಯಲ್ಲಿ ಸಣ್ಣಗೆ ಅಲುಗುವ ಜೀವ. ಹತ್ತು ನಿಮಿಷಕ್ಕೆ ಅವಳ ಕೈ ಮಾವನ ಕೈಗಿಂತ ಚುರುಕಾಯಿತು. ಎಳೆ ಮಗುವಿನ ನರ ಹುಡುಕಿ ಸೂಜಿ ಹಾಕುವ ಕೈ ಅದು, ಹುಳ ಯಾವ ಲೆಕ್ಕ? ‘ಅರೆರೆ, ಈ ಕೈಯ ಇಷ್ಟ್ ವರ್ಸ ಹೊರಗಿಟ್ಟಿದ್ವಲ್ಲಪ್ಪಾ’ ಎಂದು ಚೆಲುವಯ್ಯ ನಕ್ಕ. ಸ್ವಾಮಿಯೂ ನಕ್ಕ. ಅವಳಿಗೂ ನಗು ಬಂತು. ಸುಖವಾಗುತ್ತಿತ್ತು, ಥೂ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸುಖ. ಗೋಡೆಯ ಆಚೆ ಮಂಚದ ಮೇಲೆ ಒಂದು ಹೊಟ್ಟೆ ಕೀವು ಕಟ್ಟುತ್ತಿದೆ, ಈಚೆ ನಾನು ಮದುವಣಗಿತ್ತಿಯ ಹಾಗೆ ಓಡಾಡುತ್ತಿದ್ದೇನೆ ಎಂದುಕೊಂಡಳು. ಎಂದುಕೊಂಡೂ ಹುಳದ ಇನ್ನೊಂದು ತಟ್ಟೆ ಎಳೆದುಕೊಂಡಳು.

ಅವಳ ಬಳಿ ನೆಪವಿತ್ತು, ಅದೂ ಗಟ್ಟಿಯಾದದ್ದೇ. ಮೂರು ವರ್ಷದ ಹಿಂದೆ ಇಂಥದೇ ಹುಳ ಹಣ್ಣಾದ ದಿನ ಚೆಲುವಯ್ಯ ಎದೆ ಹಿಡಿದುಕೊಂಡು ಕೂತಾಗ, ಹಾರ್ಟಿನದು ಇರಬಹುದು, ತಡಮಾಡಬೇಡಿ ಎಂದವಳು ಅವಳೇ. ಕೆಲಸ ಬಿಟ್ಟು ಎಲ್ಲರೂ ರಾಮನಗರಕ್ಕೆ ಓಡಿದರು. ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಕೊನೆಗೆ ಗ್ಯಾಸು ಅಂದರು. ಸಂಜೆ ಬಂದು ನೋಡಿದರೆ ಬೆಳೆಯೆಲ್ಲ ತಟ್ಟೆಯ ಕಸಕಡ್ಡಿಗೆ ನೂಲು ಸುತ್ತಿಕೊಂಡು ಕೂತಿತ್ತು. ಆವತ್ತಿನಿಂದ ಮನೆಯಲ್ಲಿ ಯಾರಿಗೆ ತೇಗು ಬಂದರೂ ಬೋರಮ್ಮ ‘ನರ್ಸಮ್ಮನ್ನ ಕರೀರಪ್ಪ, ರಾಮನಗರಕ್ಕೆ ಗಾಡಿ ಕಟ್ಟಿ’ ಅನ್ನುತ್ತಿದ್ದಳು. ಇವತ್ತೂ ಬಾಯಿಬಿಟ್ಟಿದ್ದರೆ ಅದೇ ಮಾತು ಬರುತ್ತಿರಲಿಲ್ಲವೇ? ನಂಬುತ್ತಿದ್ದಳೇ? ಹೊರಡುತ್ತಿದ್ದಳೇ? ಇಲ್ಲ, ಖಂಡಿತ ಇಲ್ಲ. ಹೀಗೆ ಅವಳು ಹುಳ ಎತ್ತುತ್ತಾ ತನಗೆ ತಾನೇ ಕೇಳಿಕೊಂಡು, ತನಗೆ ಬೇಕಾದ ಉತ್ತರವನ್ನೇ ಕೊಟ್ಟುಕೊಂಡಳು. ಆದರೆ ಆವತ್ತಿನದು ಅನುಮಾನವಾಗಿತ್ತು, ಇವತ್ತಿನದು ಅನುಮಾನವಲ್ಲ. ಈ ವ್ಯತ್ಯಾಸ ತನ್ನ ಬೆರಳಿಗೆ ಗೊತ್ತಿದೆ ಎನ್ನುವುದೂ ಅವಳಿಗೆ ಗೊತ್ತಿತ್ತು.

ಹನ್ನೆರಡೂವರೆಗೆ ಕೇರಿಯ ಚಿಕ್ಕಲಕ್ಷ್ಮಮ್ಮ ಬಂದಳು. ಹೊಕ್ಕುಳ ಬಟ್ಟಿ ಜಾರಿ ಹೊಟ್ಟೆನೋವು ಬಂತೆನ್ನುವವರಿಗೆ ಬಟ್ಟಿ ಎತ್ತಿ ಕೂರಿಸುವುದರಲ್ಲಿ ಸುತ್ತಲ ನಾಲ್ಕು ಹಳ್ಳಿಗೆ ಹೆಸರಾದವಳು. ಬೋರಮ್ಮನೇ ಹೇಳಿಕಳಿಸಿದ್ದಳು. ಹುಳದ ಮನೆಯ ಕಿಟಕಿಯ ಬಲೆಯಿಂದ ನಡುಮನೆಯ ಮಂಚ ಕಾಣುತ್ತಿತ್ತು. ಚಿಕ್ಕಲಕ್ಷ್ಮಮ್ಮ ಹರಳೆಣ್ಣೆ ಸುರಿದು ಹೊಟ್ಟೆಯನ್ನು ಎರಡೂ ಕೈಯಿಂದ ಹೊಕ್ಕುಳ ಕಡೆಗೆ ಎಳೆದು ಎಳೆದು ತೀಡಿದಳು. ‘ತಡ್ಕೊ ಬೋರಕ್ಕ, ಬಟ್ಟಿ ಬಲಕ್ಕೆ ಜಾರ್‌ಬುಟ್ಟದೆ. ಇನ್ನೊಸಿ, ಇನ್ನೊಸಿ.’ ಆಮೇಲೆ ಹೊಕ್ಕುಳ ಮೇಲೆ ವೀಳ್ಯದೆಲೆಯಿಟ್ಟು, ಅದರ ಮೇಲೆ ಸಣ್ಣ ದೀಪವಿಟ್ಟು, ಹಿತ್ತಾಳೆ ಚೊಂಬನ್ನು ಬೋರಲು ಹಾಕಿದಳು. ದೀಪ ಆರಿ ಚೊಂಬು ಚರ್ಮವನ್ನು ಕಚ್ಚಿಕೊಂಡಿತು, ಹೊಟ್ಟೆ ಅದರೊಳಗೆ ಉಬ್ಬಿತು. ಭಾನುಪ್ರಿಯಳ ಬೆರಳಲ್ಲಿದ್ದ ಹುಳ ಕೆಳಗೆ ಬಿತ್ತು. ಮುಟ್ಟಬೇಡಿ, ಅದು ಬಟ್ಟಿಯಲ್ಲ, ಒಡೆದುಹೋಗುತ್ತೆ ಎಂದು ಕೂಗಿಕೊಂಡು ಓಡಬೇಕಾದ ಹೊತ್ತು ಅದು. ಓಡಿದರೆ, ‘ಮತ್ತೆ ಬೆಳಿಗ್ಗೆ ಏನಿಲ್ಲ ಅಂದ್ಯಲ್ಲ?’ ಅನ್ನುತ್ತಾರೆ. ಒಂದು ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಸಲ ಸುಮ್ಮನಿರಬೇಕು, ಅಷ್ಟೇ ತಾನೇ ಎಂದು ಒಳಗೊಂದು ದನಿ ಹೇಳಿತು. ಆ ದನಿ ಬೋರಮ್ಮನ ದನಿಯ ಹಾಗೇ ಇತ್ತು. ಅವಳು ಬಗ್ಗಿ ಬಿದ್ದ ಹುಳವನ್ನು ಎತ್ತಿ, ಜೀವ ಇದೆಯೇ ನೋಡಿ, ಚಂದ್ರಿಕೆಯ ಮೇಲಿಟ್ಟಳು.

ಮೂರು ಗಂಟೆಗೆ ನೋವು ನಿಂತುಹೋಯಿತು.

ಸ್ವಾಮಿ ಬಂದು ಹೇಳಿದಾಗ ಅವಳು ಕೊನೆಯ ಸಾಲಿನ ಚಂದ್ರಿಕೆ ನಿಲ್ಲಿಸುತ್ತಿದ್ದಳು. ‘ಅವ್ವಂಗೆ ಪೂರ್ತಿ ಕಮ್ಮಿಯಾಗೋಯ್ತಂತೆ. ಕಾಫಿ ಕೇಳ್ತಾ ಅವ್ಳೆ. ಚಿಕ್ಕಲಕ್ಷ್ಮಮ್ಮನ ಬಟ್ಟಿ ಅಂದ್ರೆ ಬಟ್ಟಿ ಕಣೇ!’ ಭಾನುಪ್ರಿಯ ಕೈಯಲ್ಲಿದ್ದ ಚಂದ್ರಿಕೆಯನ್ನು ಗೋಡೆಗೆ ಒರಗಿಸಿಟ್ಟಳು. ಹಿಂದೊಮ್ಮೆ ವಾರ್ಡಿಗೆ ಬೈರಮಂಗಲದ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು, ಹೆಸರು ಮರೆತಿದೆ, ಮೂಗುಬೊಟ್ಟು ನೆನಪಿದೆ. ಅವಳೂ ಹೀಗೇ ಮಧ್ಯಾಹ್ನ ಎದ್ದು ಕೂತು, ‘ನೋವೇ ಇಲ್ಲ ಸಿಸ್ಟರ್, ಮನೆಗೆ ಕಳಿಸ್ಬುಡಿ’ ಎಂದು ನಕ್ಕಿದ್ದಳು. ಡ್ಯೂಟಿ ಹುಡುಗನೂ ನಕ್ಕಿದ್ದ. ಶೋಯೆಬ್ ಡಾಕ್ಟರು ಓಡಿಬಂದು ಅವನಿಗೆ ಎಲ್ಲರೆದುರು ಬೈದಿದ್ದರು. ಒಡೆದ ತಕ್ಷಣ ನೋವು ಇಳಿಯುತ್ತೆ ಕಣಯ್ಯ, ಬಿಗಿದಿದ್ದು ಸಡಿಲ ಆಗುತ್ತೆ, ಎರಡು ಗಂಟೆ ಕಾಲ ರೋಗಿ ರಾಜನ ಹಾಗಿರ್ತಾನೆ, ಆಮೇಲೆ ಹೊಟ್ಟೆ ಹಲಗೆ ಆಗುತ್ತೆ ಎಂದು. ಮೂಗುಬೊಟ್ಟಿನ ಹೆಂಗಸು ಮೂರನೇ ದಿನ ಹೋದಳು. ಅವಳ ಮೈ ಒರೆಸಿದ್ದು ಭಾನುಪ್ರಿಯಳೇ.

‘ಬಾರವ್ವ ಇಲ್ಲಿ, ಕೂತ್ಕೊ’ ಎಂದು ಬೋರಮ್ಮ ಮಂಚ ತಟ್ಟಿದಳು. ಆ ಮಂಚದ ಮೇಲೆ ಅವಳು ಎಂದೂ ಕೂತವಳಲ್ಲ. ‘ಎಲ್ಲಾನೂ ಏರ್ಸ್‌ಬುಟ್ಟಂತಲ್ಲ, ನಿಮ್ಮಾವ ಹೇಳ್ತಿದ್ರು. ಒಂದು ಹುಳಾನೂ ನೆಲಕ್ ಬುಡ್ನಿಲ್ವಂತೆ. ಬೆಳಿಗ್ಗೆ ನೀನು ಕೈಯಿಟ್ಟಾಗ್ಲೇ ನಂಗೆ ಒಸಿ ತಣ್ಣಗಾಗಿತ್ತು ಕಣೆ ಭಾನು. ಲಕ್ಷ್ಮಮ್ಮಂದೇನೂ ಅಲ್ಲ. ನಿಂದೇ ಕೈಗುಣ.’ ಹೆಸರು ಹಿಡಿದು ಕರೆದಿದ್ದಳು. ಹೆಸರು ಹಿಡಿದು, ಕೈಗುಣ ಅಂದಿದ್ದಳು. ಒಂಬತ್ತು ವರ್ಷ ಇದಕ್ಕೇ ಕಾದಿದ್ದೆನಲ್ಲ, ತಗೊ ಎಂದುಕೊಂಡಳು ಭಾನುಪ್ರಿಯ. ಹಾಳಾದ್ದು ಬಂದರೂ ಎಂಥ ಹೊತ್ತಿನಲ್ಲಿ ಬಂತು! ಅತ್ತೆಯ ಮಣಿಕಟ್ಟು ಹಿಡಿದಳು. ನಾಡಿ ಎಗರುತ್ತಿತ್ತು, ನಿಮಿಷಕ್ಕೆ ನೂರ ಹದಿನೆಂಟು. ಹಣೆಯ ಬೆವರು ತಣ್ಣಗಿತ್ತು.

‘ರೀ, ಗಾಡಿ ತರ್ಸಿ. ಚನ್ನಪಟ್ಟಣಕ್ಕೆ ಹೋಗಣ, ಈಗಿಂದೀಗ್ಲೇ.’

‘ಏನೇ ಇದು? ಈಗ ಕಮ್ಮಿಯಾಗದೆ, ಈಗ ಯಾಕೆ?’ ಸ್ವಾಮಿಗೆ ರೇಗಿತು. ‘ಆವತ್ತು ಅಪ್ಪನ್ನ ಎಳ್ಕಂಡು ಹೋಗಿದ್ದು ಸಾಲದಾ?’

ಅವಳು ಅತ್ತೆಯ ಮಣಿಕಟ್ಟು ಬಿಡಲಿಲ್ಲ. ಏನೆಂದು ಹೇಳುವುದು? ಆಗ ಬೋರಮ್ಮ, ಮಗನನ್ನು ಗದರಿಸಿಕೊಂಡು, ‘ಸುಮ್ಕಿರ್ಲಾ. ಅವಳು ಹೇಳುದ್ಮ್ಯಾಲೆ ಮುಗೀತು. ಹೋಗಣ ನಡಿ. ಓದ್ಕಂಡೋಳು ಅವ್ಳು, ಸುಮ್‌ಸುಮ್ಕೆ ಹೇಳಾಳಾ?’ ಎಂದು ಸೆರಗು ಸರಿಮಾಡಿಕೊಂಡಳು. ಅಷ್ಟೇ. ಎರಡು ಮಾತು ಇಲ್ಲ, ಕೊಂಕು ಇಲ್ಲ, ರಾಮನಗರದ ಮೂದಲಿಕೆ ಇಲ್ಲ. ಬೆಳಿಗ್ಗೆಯಿಂದ ಭಾನುಪ್ರಿಯ ಕಟ್ಟಿಕೊಂಡು ಬಂದಿದ್ದ ನೆಪ ಆ ಒಂದು ಮಾತಿಗೆ ಮಣ್ಣುಪಾಲಾಯಿತು. ಹೇಳಿದ್ದರೆ ಬರುತ್ತಿದ್ದಳೋ ಏನೋ. ಹತ್ತು ಗಂಟೆಗೇ ಬರುತ್ತಿದ್ದಳೋ ಏನೋ. ಅದನ್ನು ಕೇಳಿ ನೋಡಿದವರು ಯಾರು?

ಪಕ್ಕದ ಮನೆಯ ಓಮ್ನಿಯಲ್ಲಿ ಹೊರಟರು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ಸೊಸೆಯ ತೊಡೆಯ ಮೇಲೆ. ಮೊದಲ ಗುಂಡಿಗಳಿಗೆ ಬೋರಮ್ಮ ಏನೂ ಅನ್ನಲಿಲ್ಲ, ಹುಳದ ಮಾತಾಡಿದಳು, ರಾತ್ರಿ ಕಿಟಕಿ ತೆರೆದಿಡಿ, ಗೂಡು ಚೆನ್ನಾಗಿ ಬರಲಿ ಎಂದಳು. ಅರ್ಧ ದಾರಿಯಲ್ಲಿ ಮಾತು ಕಡಿಮೆಯಾಯಿತು. ಒಂದು ಉಬ್ಬು ಹತ್ತಿ ಗಾಡಿ ಕುಕ್ಕರಿಸಿದಾಗ ‘ಹ್ಮ್’ ಎಂದಳು, ಮುಂದಿನದಕ್ಕೆ ‘ಅಯ್ಯೋ ಸಿವನೇ’ ಎಂದಳು, ಅದರ ಮುಂದಿನದಕ್ಕೆ ಭಾನುಪ್ರಿಯಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ನೋವು ಬಲಗಡೆಯೊಂದೇ ಅಲ್ಲ, ಹೊಟ್ಟೆಯ ತುಂಬ. ಸಾಯಬೇಡ ಅತ್ತೆ ಎಂದುಕೊಂಡಳು ಭಾನುಪ್ರಿಯ, ನಿನ್ನ ಮೇಲಿನ ಪ್ರೀತಿಗಲ್ಲ, ನನಗೋಸ್ಕರ ಸಾಯಬೇಡ. ಇಷ್ಟು ನಿಜ ಒಪ್ಪಿಕೊಂಡಿದ್ದಕ್ಕೆ ಮನಸ್ಸೇನೂ ಹಗುರವಾಗಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ಅವಳ ಕಡೆಯವರೇ ಆದ್ದರಿಂದ ಕ್ಯೂ ಇಲ್ಲದೆ ಒಳಗೆ ಬಿಟ್ಟರು. ಡಾಕ್ಟರ್ ಶೋಯೆಬ್ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟರು. ಇಟ್ಟವರು ಒತ್ತಲೇ ಇಲ್ಲ. ಹೊಟ್ಟೆ ಉಸಿರಿಗೂ ಅಲುಗುತ್ತಿರಲಿಲ್ಲ. ಅವರ ಮುಖ ನೋಡುವುದು ಭಾನುಪ್ರಿಯಳಿಗೆ ಬೇಕಿರಲಿಲ್ಲ, ಹದಿಮೂರು ವರ್ಷದಿಂದ ಆ ಮುಖದ ಅರ್ಥ ಅವಳಿಗೆ ಗೊತ್ತು. ‘ಒಡೆದಿದೆ. ಥಿಯೇಟರ್ ರೆಡಿ ಮಾಡಿ’ ಎಂದು ಹೊರಗೆ ಕೂಗಿ ಹೇಳಿ, ಹೊಕ್ಕುಳ ಸುತ್ತ ಎದ್ದಿದ್ದ ಕೆಂಪು ಉಂಗುರವನ್ನು ತೋರಿಸಿ, ‘ಇದ್ಯಾರು ಮಾಡಿದ್ದು?’ ಎಂದು ಕೇಳಿದರು.

‘ನಮ್ಮೂರಿನ ಚಿಕ್ಕಲಕ್ಷ್ಮಮ್ಮ ಸಾರ್’ ಎಂದ ಸ್ವಾಮಿ. ‘ಬಟ್ಟಿ ಅಂತ ತೀಡಿದ್ಲು. ಅವಳ ಮನೆ ಹಾಳಾಗ! ಅವಳಿಂದ್ಲೇ ಒಡ್ದಿರೋದಾ ಸಾರ್?’

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಎಲ್ಲ ತಪ್ಪನ್ನೂ ಹೊರಲು ಚಿಕ್ಕಲಕ್ಷ್ಮಮ್ಮ ಇದ್ದಳು, ಅವಳ ಚೊಂಬಿನ ಗುರುತೂ ಇತ್ತು. ‘ನೋವು ಬಲಗಡೆಗೆ ಇಳಿದದ್ದು ಎಷ್ಟು ಹೊತ್ತಿಗೆ ಸಿಸ್ಟರ್?’ ಎಂದು ಡಾಕ್ಟರು ಕೇಳಿದಾಗ, ಮಧ್ಯಾಹ್ನದ ಮೇಲೆ ಸರ್ ಎಂದುಬಿಟ್ಟರೆ ಆಯಿತು. ಹಳ್ಳಿಯವರು ತಡಮಾಡುವುದು ಹೊಸತೇನಲ್ಲ. ಭಾನುಪ್ರಿಯ ಅದನ್ನೇ ಹೇಳುವವಳಿದ್ದಳು. ಆದರೆ ಬೋರಮ್ಮ, ಒಣಗಿದ ತುಟಿ ನೆಕ್ಕಿಕೊಳ್ಳುತ್ತಾ, ಸೊಸೆಯ ಪರವಾಗಿ ಮೊದಲು ಬಾಯಿ ಹಾಕಿದಳು.

‘ಬೆಳಿಗ್ಗೇನೇ ಸಾ. ಹತ್ತು ಗಂಟೇಲಿ ನಮ್ ಭಾನೂನೇ ನೋಡಿದ್ಲು. ನಿಮ್ಮಂಗೇ ಕೈಯಿಟ್ಟು ನೋಡಿದ್ಲು ಸಾ. ಒತ್ತಿ ಬುಟ್ಟು, ಎಡಗಡೇನೂ ಅಮುಕಿ, ಕೆಮ್ಮು ಅಂದು, ನಾಲ್ಗೆ ಗೀಲ್ಗೆ ಎಲ್ಲಾ ನೋಡಿ ಏನಿಲ್ಲ ಅಂದ್ಲು. ಅವ್ಳದೇನೂ ತಪ್ಪಿಲ್ಲ ಸಾ. ಚೆನ್ನಾಗ್ ನೋಡ್ಕಂಡ್ಲು.’

ಡಾಕ್ಟರ್ ಶೋಯೆಬ್ ನಿಧಾನಕ್ಕೆ ತಲೆಯೆತ್ತಿದರು. ಬೈಯಲಿಲ್ಲ. ‘ಒತ್ತಿ ಬಿಟ್ರಾ?’ ಎಂದು ಮಾತ್ರ ಕೇಳಿದರು. ಸ್ವಾಮಿ ಇಬ್ಬರ ಮುಖವನ್ನೂ ನೋಡಿದ. ‘ಅಲ್ಲ ಭಾನು, ಅಷ್ಟೆಲ್ಲ ನೋಡಿದ್ರೂ ನಿಂಗೆ ಗೊತ್ತಾಗ್ನಿಲ್ವಾ?’

ಗೊತ್ತಾಗಲಿಲ್ಲ ಅನ್ನಬಹುದಿತ್ತು. ಅಂದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಪಾಪ, ನರ್ಸು ತಾನೇ, ಡಾಕ್ಟರಲ್ಲವಲ್ಲ ಅನ್ನುತ್ತಿದ್ದರು. ಅವಳ ನಾಲಿಗೆ ಅಲ್ಲಿಯವರೆಗೂ ಹೋಯಿತು. ಆದರೆ ಕಣ್ಣೆದುರಿಗೆ ಶೋಯೆಬ್ ನಿಂತಿದ್ದರು, ಹದಿಮೂರು ವರ್ಷ ಪಕ್ಕದಲ್ಲಿ ನಿಂತು ಕಲಿತದ್ದಿತ್ತು, ಈ ಮನೆಯವರು ಕಿಲುಬುಗಾಸಿನ ಬೆಲೆ ಕೊಡದ ಅವಳ ಓದಿತ್ತು. ಕೆಟ್ಟವಳು ಅನ್ನಿಸಿಕೊಳ್ಳಬಹುದು, ಏನೂ ಬಾರದವಳು ಅನ್ನಿಸಿಕೊಳ್ಳುವುದು ಅವಳಿಂದಾಗಲಿಲ್ಲ. ಸತ್ಯವಂತಿಕೆ ಅಲ್ಲ ಅದು, ಬರೀ ಜಂಬ ಎಂದು ಆ ಗಳಿಗೆಯಲ್ಲೂ ಅವಳಿಗೆ ತಿಳಿದಿತ್ತು.

‘ಗೊತ್ತಾಯ್ತು’ ಎಂದಳು. ‘ಆಗ್ಲೇ ಗೊತ್ತಾಯ್ತು ಸರ್.’

ಸ್ವಾಮಿ ‘ಏನಂದೆ?’ ಎಂದ. ಅವನು ಗೋಡೆಗೆ ಒರಗಿ, ಒರಗಿದ್ದವನು ಹಾಗೇ ಜಾರಿ ನೆಲದ ಮೇಲೆ ಕೂತ. ಹೊರಗಿಂದ ಸ್ಟ್ರೆಚರ್ ಬಂತು. ಭಾನುಪ್ರಿಯ ಅಭ್ಯಾಸಬಲದಿಂದ ಅತ್ತೆಯ ಭುಜದಡಿ ಕೈ ಹಾಕಲು ಬಗ್ಗಿದಳು. ಡಾಕ್ಟರು ಅವಳನ್ನು ನೋಡದೆ, ಬಾಗಿಲಲ್ಲಿದ್ದ ಆಯಾಗೆ, ‘ದಿಲ್ಶಾದ್ ಸಿಸ್ಟರ್‌ನ ಕರೀರಿ. ಇವರು ಬೇಡ’ ಎಂದರು.

ಬೋರಮ್ಮನಿಗೆ ಅರ್ಧಂಬರ್ಧ ಎಚ್ಚರ. ಸುತ್ತಲಿನ ಮಾತು ಎಷ್ಟು ಕೇಳಿಸಿತೋ, ಈ ಕೊನೆಯದು ಮಾತ್ರ ಕೇಳಿಸಿತು. ಗಾಬರಿಯಿಂದ ತಡಕಾಡಿ ಸೊಸೆಯ ಸೀರೆಯನ್ನು ಹಿಡಿದುಕೊಂಡಳು.

‘ಅವ್ಳೇ ಇರ್ಲಿ ಸಾ’ ಎಂದಳು. ‘ನಂಗೆ ಬ್ಯಾರೇರ ಕೈ ಬ್ಯಾಡ.’